ಧಾರವಾಡಕ್ಕಿಂತ ಹತ್ತಿರದ ವಿಮಾನ

ಉಪ್ಪಿನಬೆಟಗೇರಿಯಲ್ಲಿ ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದೆವು. ಸುಗ್ಗಿ ಮುಗಿದು ಎರೆಹೊಲಗಳು ಬರಿದಾಗಿದ್ದ ಕಾಲ. ಆಕಾಶ ತೊಳೆದಿಟ್ಟ ಹಾಗಿತ್ತು. ನೆತ್ತಿಯ ಮೇಲೆ ಒಂದು ವಿಮಾನ ಬಿಳಿ ಗೆರೆ ಎಳೆದುಕೊಂಡು ಹೊರಟಿತ್ತು. ಪಕ್ಕದಲ್ಲಿದ್ದ ಅಜ್ಜ ಹುಬ್ಬಿಗೆ ಕೈ ಹಚ್ಚಿ ಅದನ್ನೇ ನೋಡಿದರು.

“ತಮ್ಮಾ, ಅದು ಎಷ್ಟ್ ದೂರ ಇದ್ದೀತು?”

“ಹತ್ತು ಹನ್ನೊಂದು ಕಿಲೋಮೀಟರ್ ಇರಬೇಕ್ರಿ ಅಜ್ಜಾ.”

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಅಂದರು: “ಅಂದ್ರ ಧಾರವಾಡಕ್ಕಿಂತ ಸಮೀಪ ಐತಿ ಅನ್ನು.”

ನನಗೆ ಉತ್ತರ ಹೊಳೆಯಲಿಲ್ಲ. ಊರಿನಿಂದ ಧಾರವಾಡಕ್ಕೆ ಇಪ್ಪತ್ತರ ಆಸುಪಾಸು ಕಿಲೋಮೀಟರ್. ದೊಡ್ಡ ಜೆಟ್ ವಿಮಾನಗಳು ಹಾರುವ ಎತ್ತರ ಸುಮಾರು 11 ಕಿಲೋಮೀಟರ್. ಹಾಗಾದರೆ ಆ ಹೊತ್ತಿನಲ್ಲಿ ನಮಗೆ ಧಾರವಾಡದ ಬಸ್ ನಿಲ್ದಾಣದಲ್ಲಿ ನಿಂತವರಿಗಿಂತ, ತಲೆಯ ಮೇಲೆ ಚಹಾ ಕುಡಿಯುತ್ತ ಕೂತ ನೂರೈವತ್ತು ಇನ್ನೂರು ಮಂದಿಯೇ ಹತ್ತಿರ. ಅವರ ಹೆಸರು ಗೊತ್ತಿಲ್ಲ, ಅವರು ಎಲ್ಲಿಂದ ಎಲ್ಲಿಗೆ ಹೊರಟಿದ್ದಾರೋ ಅದೂ ಗೊತ್ತಿಲ್ಲ. ಲೆಕ್ಕ ಮಾತ್ರ ಅಜ್ಜನ ಕಡೆಗೇ ವಾಲುತ್ತದೆ.

ಆ ವಿಮಾನದ ಸಪ್ಪಳವೂ ಒಂದು ಚಮತ್ಕಾರ. 11 ಕಿಲೋಮೀಟರ್ ಇಳಿದು ಬರಲು ಶಬ್ದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಗಂಟೆಗೆ 850 ಕಿಲೋಮೀಟರ್ ಓಡುವ ವಿಮಾನ ಎಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಸಪ್ಪಳ ನಮ್ಮೂರಿನ ಮೇಲೆ, ವಿಮಾನ ಮುಂದಿನ ಊರಿನ ಮೇಲೆ. ಚಿಕ್ಕಂದಿನಲ್ಲಿ ನಾವು ಸಪ್ಪಳ ಬಂದ ಕಡೆ ಹುಡುಕಿ ಹುಡುಕಿ ಕುತ್ತಿಗೆ ನೋಯಿಸಿಕೊಂಡಿದ್ದಕ್ಕೆ ಕಾರಣ ಇದು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಂದು ರಾತ್ರಿ ಪೆನ್ಸಿಲ್ ಹಿಡಿದು ಕೂತವನಿಗೆ ಹುಚ್ಚು ಹತ್ತಿದಂತಾಯಿತು.

ನಮ್ಮೂರಿಗೆ ವಿಮಾನ ನಿಲ್ದಾಣವೆಂದರೆ ಎರಡು. ತೆಂಕಣಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯದು, ವಾಯವ್ಯಕ್ಕೆ ಬೆಳಗಾವಿಯ ಸಾಂಬ್ರಾದ್ದು. ಸಾಂಬ್ರಾದ ನಿಲ್ದಾಣ ಹಳೆಯದು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆಯವರು ತರಬೇತಿಗೆಂದು ಕಟ್ಟಿದ್ದು. ಹುಬ್ಬಳ್ಳಿಯದು 1974ರಲ್ಲಿ ರಾಜ್ಯ ಸರ್ಕಾರ ಮಾಡಿದ್ದು. 1996ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಹೋಯಿತು, 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. ಈ ಎರಡು ರನ್‌ವೇಗಳ ಅಕ್ಷಾಂಶ ರೇಖಾಂಶ ಹಿಡಿದು ಲೆಕ್ಕ ಹಾಕಿದರೆ ನಡುವಿನ ನೇರ ದೂರ 74 ಕಿಲೋಮೀಟರ್ ಮಾತ್ರ. ಪೈಲಟ್‌ಗಳು ಕಿಲೋಮೀಟರ್ ಎಣಿಸುವುದಿಲ್ಲ, ನಾಟಿಕಲ್ ಮೈಲು ಎಣಿಸುತ್ತಾರೆ. ಅವರ ಲೆಕ್ಕದಲ್ಲಿ ಸರಿಯಾಗಿ 40. ಜೆಟ್ ವಿಮಾನ ತನ್ನ ಪೂರ್ಣ ವೇಗದಲ್ಲಿದ್ದರೆ ಐದು ನಿಮಿಷದ ದಾರಿ. ಎಲೆ ಅಡಿಕೆ ಹಾಕಿಕೊಂಡು ಅದು ಬಾಯಲ್ಲಿ ಕೆಂಪೇರುವಷ್ಟರಲ್ಲಿ ಹುಬ್ಬಳ್ಳಿಯಿಂದ ಸಾಂಬ್ರಾ.

ಆದರೆ ಐದು ನಿಮಿಷಕ್ಕಾಗಿ ಯಾರು ವಿಮಾನ ಹತ್ತಿಸುತ್ತಾರೆ? ಇಲ್ಲಿಂದ ಅಲ್ಲಿಗೆ ಹಾರಿಯೇ ಹೋಗುತ್ತೇನೆ ಎಂದು ಹಟ ಹಿಡಿದು ಬೆಂಗಳೂರು ಮುಟ್ಟಿ ಬರುವ ದಾರಿ ಹಿಡಿದವನಿಗೆ ಹುಬ್ಬಳ್ಳಿಯಿಂದ ಬೆಂಗಳೂರು 370 ಕಿಲೋಮೀಟರ್, ಬೆಂಗಳೂರಿನಿಂದ ಬೆಳಗಾವಿ 444, ಕೂಡಿಸಿದರೆ 814. ನೇರ ದೂರದ ಹನ್ನೊಂದು ಪಟ್ಟು. ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳಲ್ಲಿ ಮಾತ್ರ ಇಂಥ ಹಟಕ್ಕೆ ಬೆಲೆಯಿದೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳ ನಡುವೆ ಲೋಗನ್‌ಏರ್ ವಿಮಾನ 2.7 ಕಿಲೋಮೀಟರ್ ಹಾರುತ್ತದೆ. ವೇಳಾಪಟ್ಟಿಯಲ್ಲಿ ಅದಕ್ಕೆ ಎರಡು ನಿಮಿಷ. ಗಾಳಿ ಹಿಂದಿನಿಂದ ನೂಕಿದ ಒಂದು ದಿನ 53 ಸೆಕೆಂಡಿನಲ್ಲೇ ಮುಗಿದಿತ್ತು. ನಮ್ಮಲ್ಲಿ ಅಷ್ಟು ದೂರ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುತ್ತಾರೆ.

ನಾಟಿಕಲ್ ಮೈಲು ಎಂದೆನಲ್ಲ, ಅದು ನನಗೆ ಬಹಳ ಮೆಚ್ಚಿಗೆಯಾದ ಅಳತೆ. ಭೂಮಿಯ ಒಂದು ಡಿಗ್ರಿ ಅಕ್ಷಾಂಶವನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮೈಲು, 1.852 ಕಿಲೋಮೀಟರ್. ಆ ಪಾಲಿನ ಹೆಸರೂ ‘ನಿಮಿಷ’ವೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಈ ಲೆಕ್ಕದಲ್ಲಿ ಹೆಚ್ಚೂಕಡಿಮೆ ಸರಿಯಾಗಿ 200 ಮೈಲು. ದೂರವನ್ನೂ ಹೊತ್ತನ್ನೂ ಒಂದೇ ಹೆಸರಿನಿಂದ ಕರೆಯುವುದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಕೂಗಳತೆ, ಹರದಾರಿ ಎಂದೆಲ್ಲ ಮಾತಾಡುತ್ತಿದ್ದವರು ಎಲ್ಲಮ್ಮನ ಗುಡ್ಡ ಎಷ್ಟು ದೂರ ಎಂದು ಕೇಳಿದರೆ ಮೈಲು ಹೇಳುತ್ತಿರಲಿಲ್ಲ, “ಮುಂಜಾನಿ ಚಕ್ಕಡಿ ಹೂಡಿದ್ರ ಹೊತ್ತು ಮುಳಗೂದ್ರಾಗ” ಅನ್ನುತ್ತಿದ್ದರು. ವಿಮಾನದ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಅದರಲ್ಲೂ ಕಿಲೋಮೀಟರ್ ಇರುವುದಿಲ್ಲ. ಹೊರಡುವ ಹೊತ್ತು, ಮುಟ್ಟುವ ಹೊತ್ತು, ಮುಗಿಯಿತು.

ಇಷ್ಟೆಲ್ಲ ಅಂಕಿ ತಲೆಯಲ್ಲಿ ನಿಲ್ಲಬೇಕಾದರೆ ಕಣ್ಣಿಗೆ ಕಾಣುವ ಏನಾದರೂ ಬೇಕು. ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಚಕ್ಕಡಿ ಗಾಲಿ ನನಗೆ ಸಿಕ್ಕಿತು. ಭೂಮಿಯ ಅಡ್ಡಗಲ 12,742 ಕಿಲೋಮೀಟರ್. ನಾಲ್ಕಡಿ ಎರಡು ಇಂಚಿನ ಗಾಲಿಯನ್ನು ಭೂಮಿ ಅಂದುಕೊಂಡರೆ ಒಂದು ಮಿಲಿಮೀಟರ್ ಎಂದರೆ ಹತ್ತು ಕಿಲೋಮೀಟರ್. ಲೆಕ್ಕಕ್ಕೆ ಇದಕ್ಕಿಂತ ಸಲೀಸಾದ ಗಾಲಿ ಇನ್ನೊಂದಿಲ್ಲ.

ಗಾಲಿಯ ಅಂಚಿನ ಮೇಲೆ ಉಪ್ಪಿನಬೆಟಗೇರಿಗೂ ಧಾರವಾಡಕ್ಕೂ ನಡುವೆ ಎರಡು ಮಿಲಿಮೀಟರ್. ಜೋಳದ ಕಾಳೊಂದನ್ನು ಇಟ್ಟರೆ ಎರಡೂ ಊರು ಅದರ ಕೆಳಗೆ ಮುಚ್ಚಿಹೋಗುತ್ತವೆ. ಹುಬ್ಬಳ್ಳಿಯಿಂದ ಸಾಂಬ್ರಾ ಏಳೂವರೆ ಮಿಲಿಮೀಟರ್. ಬೆಂಗಳೂರು 3.7 ಸೆಂಟಿಮೀಟರ್, ಎರಡು ಬೆರಳಗಲ. ಬಾನೆತ್ತರ ಎಂದು ನಾವು ಬೆರಗಾಗುವ ಜೆಟ್ ವಿಮಾನ ಗಾಲಿಯಿಂದ ಮೇಲೆ ಒಂದೇ ಒಂದು ಮಿಲಿಮೀಟರ್! ಬೆಂಗಳೂರಿಗೆ ಹೋಗುವ ಎಟಿಆರ್ ಎಂಬ ಚಿಕ್ಕ ವಿಮಾನ ಅದರ ಅರ್ಧ. ಗಾಲಿಗೆ ಹೊಡೆದ ಕಬ್ಬಿಣದ ಪಟ್ಟಿಯ ದಪ್ಪದಲ್ಲಿ ಜಗತ್ತಿನ ಎಲ್ಲ ವಿಮಾನಗಳೂ, ಎಲ್ಲ ಮೋಡಗಳೂ, ಎವರೆಸ್ಟೂ ಅಡಗಿಹೋಗುತ್ತವೆ. ‘ಹಾರಿದೆವು’ ಅನ್ನುವುದು ದೊಡ್ಡ ಮಾತಾಯಿತು. ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿದೆವು ಅಂದರೆ ಲೆಕ್ಕಕ್ಕೆ ಸರಿ.

ಲಹರಿಗೆ ಬಿದ್ದು ಮುಂದುವರಿಸಿದೆ. ಚಂದ್ರ ಈ ಗಾಲಿಯಿಂದ 38 ಮೀಟರ್, ಅಂದರೆ ಇಪ್ಪತ್ತೊಂದು ಮಾರು. ಓಣಿಯ ಆ ಕೊನೆಗೆ. ಸೂರ್ಯ 15 ಕಿಲೋಮೀಟರ್. ಅಂಗಳದ ಗಾಲಿ ಭೂಮಿಯಾದರೆ ಸೂರ್ಯ ಧಾರವಾಡದ ಹಾದಿಯಲ್ಲೇ ಎಲ್ಲೋ ಇರುತ್ತಾನೆ, 139 ಮೀಟರ್ ಅಗಲದ ಉಂಡೆಯಾಗಿ. ಅಲ್ಲಿಯವರೆಗೆ ನಡುವೆ ಹೆಚ್ಚೂಕಡಿಮೆ ಏನೂ ಇಲ್ಲ.

ಈಗ ಹೊತ್ತಿನ ಲೆಕ್ಕ. ಎಟಿಆರ್ 72 ಎಂಬ ರೆಕ್ಕೆಫ್ಯಾನಿನ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುತ್ತದೆ. 370 ಕಿಲೋಮೀಟರಿಗೆ ಮುಕ್ಕಾಲು ಗಂಟೆ ಸಾಕು. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆ ಮೇಲೆ ಹತ್ತು ನಿಮಿಷದಷ್ಟು ಬರೆದಿರುತ್ತಾರೆ. ಉಳಿದ ಹೊತ್ತು ಎಲ್ಲಿಗೆ ಹೋಯಿತು? ವಿಮಾನದ ಗಾಲಿಗೆ ಕೊಟ್ಟ ಅಡೆಯನ್ನು ಎಳೆದ ಗಳಿಗೆಯಿಂದ, ಇನ್ನೊಂದು ಊರಿನಲ್ಲಿ ಮತ್ತೆ ಅಡೆ ಕೊಡುವ ಗಳಿಗೆಯವರೆಗೆ ಅವರ ಗಡಿಯಾರ ನಡೆಯುತ್ತದೆ. ಚಕ್ಕಡಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುವ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಲ್ಲು ತೆಗೆದಲ್ಲಿಂದ ಕಲ್ಲು ಕೊಡುವತನಕ. ನಡುವೆ ರನ್‌ವೇ ತುದಿಗೆ ಹೋಗುವುದು, ಏರುವುದು, ಬೆಂಗಳೂರಿನ ಮೇಲೆ ಸರದಿ ಕಾಯುವುದು, ಇಳಿದು ಬಾಗಿಲ ಹತ್ತಿರ ಬರುವುದು ಎಲ್ಲ ಸೇರುತ್ತದೆ. ಬೆಂಗಳೂರಿಗೆ ‘ಇಳಿಯುವುದು’ ಎಂಬುದೂ ಅರ್ಧ ಸುಳ್ಳು. ಹುಬ್ಬಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ 662 ಮೀಟರ್ ಎತ್ತರದಲ್ಲಿದೆ, ಕೆಂಪೇಗೌಡ ನಿಲ್ದಾಣ 915ರಲ್ಲಿ. ಇಳಿದ ಮೇಲೂ ನಾವು ಹೊರಟದ್ದಕ್ಕಿಂತ 250 ಮೀಟರ್ ಮೇಲೇ ಇರುತ್ತೇವೆ.

ಇನ್ನು ಊರ ಅಗಸಿಯಿಂದ ಮೆಜೆಸ್ಟಿಕ್ಕಿನವರೆಗಿನ ಲೆಕ್ಕ. ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಬಸ್ಸು ಸಿಕ್ಕು ಮುಟ್ಟಲು ಒಂದು ಗಂಟೆ ಹಿಡಿಯಿರಿ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು. ಹೆಸರಿಗೆ ತಕ್ಕಂತೆ ಓಡಿದರೂ ಮುಕ್ಕಾಲು ಗಂಟೆ. ಅಲ್ಲಿಂದ ಆಟೋ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ, ಹಳ್ಳಿಯವರಾದ ನಾವು ಇನ್ನೂ ಅರ್ಧ ಗಂಟೆ ಮೊದಲೇ ಹೋಗಿ ಕೂತಿರುತ್ತೇವೆ. ವಿಮಾನದೊಳಗೆ ಒಂದು ಗಂಟೆ ಹತ್ತು ನಿಮಿಷ. ಕೆಂಪೇಗೌಡ ನಿಲ್ದಾಣದಿಂದ ಮೆಜೆಸ್ಟಿಕ್ಕಿಗೆ ಮೂವತ್ತೈದು ಕಿಲೋಮೀಟರ್, ಬೆಂಗಳೂರಿನ ದಯೆ ಇದ್ದರೆ ಒಂದು ಗಂಟೆ, ಇಲ್ಲದಿದ್ದರೆ ಹೇಳಲಾರೆ. ಎಲ್ಲ ಕೂಡಿಸಿ ನೋಡಿದೆ: ಆರು ಗಂಟೆಯ ಆಸುಪಾಸು. ಅದರಲ್ಲಿ ಗಾಳಿಯಲ್ಲಿದ್ದ ಮುಕ್ಕಾಲು ಗಂಟೆ ಆರರಲ್ಲಿ ಒಂದು ಪಾಲೂ ಅಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು 490 ಕಿಲೋಮೀಟರಿನ ಹಳಿಯನ್ನು ಸುಮಾರು ಆರೂವರೆ ಗಂಟೆಯಲ್ಲಿ ಮುಗಿಸುತ್ತದೆ. ಧಾರವಾಡಕ್ಕೆ ಹೋಗುವ ಒಂದು ಗಂಟೆ ಸೇರಿಸಿದರೂ ವಿಮಾನಕ್ಕೂ ಅದಕ್ಕೂ ಇರುವ ಅಂತರ ಒಂದೂವರೆ ಗಂಟೆಯಷ್ಟು. ಹುಬ್ಬಳ್ಳಿಯಲ್ಲಿ ಇನ್ನೊಂದು ಮೋಜೂ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ಸಮುದ್ರಮಟ್ಟದಲ್ಲಿ ಎಟಿಆರ್ 72 ನೆಲ ಬಿಡಲು ಬೇಕಾಗುವ ಓಟ ಸುಮಾರು 1,300 ಮೀಟರ್. ಹುಬ್ಬಳ್ಳಿಯ ಎತ್ತರಕ್ಕೆ, ಬಿಸಿಲಿಗೆ ಇನ್ನಷ್ಟು ಬೇಕು, ಅಲ್ಲಿಯ ರನ್‌ವೇ 2,600 ಮೀಟರ್ ಇದೆ. ಆದರೂ ಆ ಪ್ಲಾಟ್‌ಫಾರ್ಮಿನಲ್ಲಿ ತಪ್ಪು ತುದಿಯಲ್ಲಿ ಡಬ್ಬಿ ಹುಡುಕುತ್ತ ಓಡಿದವರು, ತಾವು ಓಡಿದ್ದು ವಿಮಾನವೇ ಹಾರಬಹುದಾದಷ್ಟು ದೂರ ಎಂದು ಹೆಮ್ಮೆಪಡಬಹುದು.

ಹುಬ್ಬಳ್ಳಿ–ಬೆಂಗಳೂರಿನ ಈ 370 ಎಂಬ ಅಂಕಿ ನನಗೆ ಒಂದು ಸಂಜೆಯಲ್ಲಿ ಸಿಕ್ಕಿತು. ನೆಲವನ್ನು ಹೀಗೆ ಗೆರೆ ಹಿಡಿದು ಅಳೆಯಲು ಮೊದಲು ಹೊರಟವರ ಪಾಡು ಬೇರೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ನೂರಡಿ ಉದ್ದದ ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಮತ್ತೆ ಮತ್ತೆ ಹಾಸಿ ಏಳೂವರೆ ಮೈಲಿಗೆ ತುಸು ಕಡಿಮೆ, ಅಂದರೆ ಸುಮಾರು 12 ಕಿಲೋಮೀಟರ್, ಅಳೆದ. ಸರಪಳಿಗೆ ನಲವತ್ತು ಕೊಂಡಿ. ಕೆಲಸ ಹಿಡಿದದ್ದು ಸುಮಾರು ಎರಡು ತಿಂಗಳು. ಎಟಿಆರ್ ಅಷ್ಟು ದೂರವನ್ನು ಒಂದೂವರೆ ನಿಮಿಷದಲ್ಲಿ ದಾಟುತ್ತದೆ. ಆದರೆ ಭಾರತವನ್ನು ತ್ರಿಕೋನಗಳಲ್ಲಿ ಕಟ್ಟಿ ಅಳೆದ ಆ ದೊಡ್ಡ ಕೆಲಸದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ನಕ್ಷೆಯಲ್ಲಿ ಊರುಗಳು ತಮ್ಮ ತಮ್ಮ ಜಾಗದಲ್ಲಿ ಕೂತದ್ದು ಆ ಸರಪಳಿಯ ಹಿಂದೆ ಮಂಡಿಯೂರಿದವರಿಂದ.

ವಿಮಾನಕ್ಕೂ ಕನ್ನಡನಾಡು ಹೊಸದಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆಚೀಲ ತಂದರಲ್ಲ, ಆ ಚೀಲವನ್ನು ಮುಂದೆ ಒಯ್ದವನು ಪೈಲಟ್ ನೆವಿಲ್ ವಿನ್ಸೆಂಟ್. ಅವನ ದಾರಿ ನಮ್ಮ ಬಳ್ಳಾರಿಯ ಮೇಲೆ. ಅಲ್ಲಿ ಇಳಿದು ಮದ್ರಾಸಿಗೆ ಹೋದ. ಪುಸ್ ಮೋತ್ ಎಂಬ ಆ ಪುಟ್ಟ ವಿಮಾನದ ವೇಗ ಗಂಟೆಗೆ 160 ಕಿಲೋಮೀಟರ್ ಆಸುಪಾಸು. ಇವತ್ತಿನ ವಂದೇ ಭಾರತ್ ರೈಲನ್ನು ಓಡಲು ಬಿಟ್ಟರೆ ಅದನ್ನು ಸರಿಗಟ್ಟೀತು.

ಇನ್ನೊಂದು ತುದಿಗೆ ಹೋಗೋಣ. 2021ರ ಜನವರಿ 9, ಶನಿವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ಹೊರಟು, ನಡುವೆ ಎಲ್ಲೂ ನಿಲ್ಲದೆ, ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ನೇರ ದೂರ 13,993 ಕಿಲೋಮೀಟರ್. ನಮ್ಮ ಗಾಲಿಯ ಮೇಲೆ 1.4 ಮೀಟರ್, ಸುತ್ತಳತೆಯ ಮೂರನೇ ಒಂದು ಪಾಲಿಗೂ ಮಿಕ್ಕಿದ್ದು. ಹದಿನೇಳು ಗಂಟೆಯ ಹಾರಾಟ, ಹದಿಮೂರೂವರೆ ಗಂಟೆಯ ಗಡಿಯಾರದ ಅಂತರ. ಆ ಮಂದಿಯ ಭಾನುವಾರವನ್ನು ಆಕಾಶವೇ ನುಂಗಿತು.

ಅದು ಬಂದ ದಾರಿ ಉತ್ತರ ಧ್ರುವದ ಕಡೆಯದು. ಗೋಡೆಯ ನಕ್ಷೆ ನೋಡಿ ಬೆಳೆದ ನಮಗೆ ಅಮೆರಿಕ ಎಂದರೆ ಪಡುವಣ ದಿಕ್ಕು. ಒಂದು ಕುಂಬಳಕಾಯಿ ತಂದು ಎರಡು ಚುಕ್ಕೆ ಇಟ್ಟು ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿ ತೊಟ್ಟಿನ ಕಡೆಗೆ ಏರುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದ ದಾರ ಬಡಗಣಕ್ಕೆ ಹೊರಟು, ತುಸುವೇ ಮೂಡಣಕ್ಕೆ ಬಾಗಿ, 71 ಡಿಗ್ರಿ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಯಾವ ಕಡೆ ಇದ್ದಾನೆ ಎಂದು ನಮ್ಮೂರಿನ ತಾಯಿ ಕೇಳಿದರೆ ಬೆಳಗಾವಿಯ ಕಡೆ ಅಲ್ಲ, ಹೆಚ್ಚೂಕಡಿಮೆ ಬಿಜಾಪುರದ ಕಡೆ ಕೈ ತೋರಿಸಬೇಕು.

ಈ ಎಲ್ಲ ವೇಗವನ್ನೂ ಒಂದು ಕ್ಷಣ ಬದಿಗಿಟ್ಟು ಕಟ್ಟೆಯ ಮೇಲೆ ಅಲುಗಾಡದೆ ಕೂತ ಅಜ್ಜನನ್ನು ನೋಡಿ. ಭೂಮಿ ತನ್ನ ಸುತ್ತ ತಿರುಗುವಾಗ ಉಪ್ಪಿನಬೆಟಗೇರಿಯ ಅಕ್ಷಾಂಶದಲ್ಲಿ ನೆಲ ಮೂಡಣಕ್ಕೆ ಗಂಟೆಗೆ ಸುಮಾರು 1,600 ಕಿಲೋಮೀಟರ್ ಓಡುತ್ತದೆ. ಜೆಟ್ ವಿಮಾನದ ಎರಡು ಪಟ್ಟು ಹತ್ತಿರ, ಶಬ್ದಕ್ಕಿಂತ ಜೋರು. ನಾನು ವಿಮಾನ ಹತ್ತಿ ಬೆಂಗಳೂರು ಮುಟ್ಟುವ ಒಂದು ಗಂಟೆ ಹತ್ತು ನಿಮಿಷದಲ್ಲಿ ಅಜ್ಜ ಕೂತಲ್ಲೇ ಸುಮಾರು 1,870 ಕಿಲೋಮೀಟರ್ ಹೋಗಿರುತ್ತಾರೆ. ಸೂರ್ಯನ ಸುತ್ತ ಭೂಮಿ ಓಡುವ ಲೆಕ್ಕ ಹಿಡಿದರೆ ಸುಮಾರು 1,25,000. ಎಲೆಯ ಚಂಚಿಯಿಂದ ಅಡಿಕೆಯ ಚೂರೂ ಬಿದ್ದಿರುವುದಿಲ್ಲ. ಬೆಂಗಳೂರಿನ ನಡುಹಗಲು ಹುಬ್ಬಳ್ಳಿಗೆ ಬಂದು ಮುಟ್ಟುವುದು ಹತ್ತೂವರೆ ನಿಮಿಷದಲ್ಲಿ. ಅದಕ್ಕೆ ಟಿಕೆಟ್ಟಿಲ್ಲ, ಕೌಂಟರಿಲ್ಲ.

ತೀರ ನಿಧಾನದ ಲೆಕ್ಕವೂ ಒಂದಿದೆ. ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಆ ನಡಿಗೆಯಲ್ಲಿ 370 ಕಿಲೋಮೀಟರಿಗೆ 74 ಲಕ್ಷ ವರ್ಷ ಬೇಕು. ಹುಬ್ಬಳ್ಳಿ, ಬೆಂಗಳೂರು ಎರಡೂ ನಿಂತಿರುವುದು ಒಂದೇ ಪುರಾತನ ಕಲ್ಲುಹಾಸಿನ ಮೇಲೆ. ಭೂವಿಜ್ಞಾನಿಗಳು ಅದನ್ನು ಜಗತ್ತಿನಾದ್ಯಂತ ‘ಧಾರವಾಡ ಕ್ರೇಟಾನ್’ ಎಂದೇ ಕರೆಯುತ್ತಾರೆ, ಅದರ ಕೆಲವು ಕಲ್ಲುಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆದ್ದರಿಂದ ಎರಡು ನಿಲ್ದಾಣಗಳೂ ಜೊತೆಜೊತೆಗೇ ಸರಿಯುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ವೇಳಾಪಟ್ಟಿ ತಿದ್ದುವವರಿಗೆ ಆ ಒಂದು ಚಿಂತೆಯಾದರೂ ಇಲ್ಲ.

ಗಾಲಿಗೆ ಇನ್ನೊಂದು ಗುರುತು ಹಾಕಬೇಕಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ; ಗಾಲಿಯಿಂದ ನಾಲ್ಕು ಸೆಂಟಿಮೀಟರ್. ಅಂದರೆ ಅದು ನಮ್ಮ ನೆತ್ತಿಗೆ ಬಂದಾಗ ಬೆಂಗಳೂರಿನಷ್ಟೇ ದೂರ! ಹುಬ್ಬಳ್ಳಿ–ಬೆಂಗಳೂರು ದೂರವನ್ನು ಅದು 48 ಸೆಕೆಂಡಿನಲ್ಲಿ ಓಡುತ್ತದೆ. 2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೊರಟಾಗ ಅವರ ಜೊತೆ ಹೋದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ಸೇರಿ ಕಳಿಸಿದ್ದ ಹೆಸರುಕಾಳು ಮತ್ತು ಮೆಂತ್ಯೆ. ಅಲ್ಲಿ ನೀರು ಕೊಟ್ಟು ಮೊಳಕೆ ಒಡೆಸಿದರು. ಜುಲೈ 15ರಂದು ಮರಳಿ ಬರುವಷ್ಟರಲ್ಲಿ ನೌಕೆಯವರ ಲೆಕ್ಕದಲ್ಲಿ ಭೂಮಿಗೆ 300ಕ್ಕೂ ಹೆಚ್ಚು ಸುತ್ತು, ಒಂದು ಕೋಟಿ ಮೂವತ್ತು ಲಕ್ಷ ಕಿಲೋಮೀಟರಿಗೂ ಮಿಕ್ಕಿದ ಪಯಣ. ಧಾರವಾಡದಿಂದ ಹೊರಟು ಅಷ್ಟು ದೂರ ಹೋಗಿ ಬಂದವರು ಬೇರೆ ಯಾರೂ ನನಗೆ ನೆನಪಾಗುತ್ತಿಲ್ಲ.

ಮರುದಿನ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಸೂರ್ಯ, ಚಂದ್ರ, ಅಮೆರಿಕ ಯಾವುದಕ್ಕೂ ಅವರು ಹುಬ್ಬು ಏರಿಸಲಿಲ್ಲ. ಹೆಸರುಕಾಳಿನ ಮಾತು ಬಂದಾಗ ಮಾತ್ರ ನನ್ನ ಕಡೆ ತಿರುಗಿದರು.

“ತಿರುಗಿ ಬಂದ ಮ್ಯಾಲೆ ಬಿತ್ತಿದ್ರೇನು?”

“ಮೊಳಕಿ ಒಡದಿದ್ದವ್ರಿ ಅಜ್ಜಾ. ಹಂಗಽ ತಂಪಿನ ಪೆಟಗಿಯಾಗ ಇಟ್ಟು ತಂದಾರ.”

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದರು.

“ಹಂಗಾರ ಬಿತ್ತಾಕ ಬರೂದಿಲ್ಲ ಬಿಡು. ಉಸಳಿ ಮಾಡಬೇಕು.”